ಹಳೇ ಲ್ಯಾಪ್‌ಟಾಪಿಗೆ ಹಗುರ ಮೇಲ್

ಆಸುಸ್ ಕಂಪನಿ 2007ರ ಕೊನೆಯಲ್ಲಿ ಈ-ಪಿಸಿ 701 ಎಂಬ ಪುಟಾಣಿ ಲ್ಯಾಪ್‌ಟಾಪನ್ನು ಮಾರುಕಟ್ಟೆಗೆ ತಂದಿತು. ಏಳು ಇಂಚಿನ ಪರದೆ, 512 ಎಂಬಿ ರ‍್ಯಾಮ್, 4 ಜಿಬಿ ಸಂಗ್ರಹ, ಒಳಗೆ ಲಿನಕ್ಸ್. ಅಂಥದ್ದೊಂದನ್ನು ಇವತ್ತು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಬ್ರೌಸರಿನಲ್ಲಿ ಜಿಮೇಲ್ ತೆರೆಯಲು ಹೋದರೆ ಉಸಿರುಕಟ್ಟಿ ಕೂತುಬಿಡುತ್ತದೆ. ನೋಡಿದವರು ‘ಇದರ ಕಾಲ ಮುಗೀತು ಬಿಡಿ’ ಅನ್ನುತ್ತಾರೆ. ಆದರೆ ಅದರ ಪ್ರೊಸೆಸರ್ ಅವತ್ತು ಸೆಕೆಂಡಿಗೆ ಎಷ್ಟು ಲೆಕ್ಕ ಹಾಕುತ್ತಿತ್ತೋ ಈಗಲೂ ಅಷ್ಟೇ ಹಾಕುತ್ತದೆ. ಬರುವ ಪತ್ರದ ಚೌಕಟ್ಟೂ ಅವತ್ತಿನದೇ. ಪತ್ರ ಓದಲು ನಾವು ಕಟ್ಟಿಕೊಂಡ ಸರಂಜಾಮು ಮಾತ್ರ ಊದಿಕೊಂಡಿದೆ. ಊದಿಕೊಳ್ಳದೆ ಉಳಿದ ಕೆಲವು ಮೇಲ್ ತಂತ್ರಾಂಶಗಳಿವೆ. ಅವು ಹೇಗೆ ಹಾಗೆ ಉಳಿದವು ಎಂದು ಬಿಚ್ಚಿ ನೋಡಿದರೆ ಒಳಗಿನ ಕಸುಬುಗಾರಿಕೆಗೆ ತಲೆದೂಗಬೇಕು ಅನ್ನಿಸುತ್ತದೆ.

ಮೊದಲು ಪತ್ರವನ್ನೇ ನೋಡೋಣ. ಇಮೇಲ್ ಎಂಬುದು ಮೂಲತಃ ಬಡಕಲು ವಸ್ತು. ರೇ ಟಾಮ್ಲಿನ್‌ಸನ್ 1971ರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದಾಗ ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ‘ಆ್ಯಟ್’ ಚಿಹ್ನೆ ಇಟ್ಟರು. ಪತ್ರದ ರೂಪ ಹೇಗಿರಬೇಕೆಂಬ ನಿಯಮ 1982ರಲ್ಲಿ ಆರ್‌ಎಫ್‌ಸಿ 822 ಎಂಬ ದಾಖಲೆಯಾಗಿ ಬಂತು. ಮೊದಲು ತಲೆಸಾಲುಗಳು: ಯಾರಿಂದ, ಯಾರಿಗೆ, ಯಾವಾಗ, ವಿಷಯವೇನು. ಆಮೇಲೆ ಒಂದು ಖಾಲಿ ಸಾಲು. ಆಮೇಲೆ ಒಕ್ಕಣೆ. ಆ ದಾಖಲೆಯನ್ನು ಮುಂದೆ ಎರಡು ಸಲ ತಿದ್ದಿ ಬರೆದರೂ ಅಸ್ಥಿಪಂಜರ ಬದಲಾಗಿಲ್ಲ. ಇವತ್ತು ಬ್ಯಾಂಕಿನಿಂದ ಬರುವ ಬಣ್ಣಬಣ್ಣದ ಮೇಲಿನ ಮೂಲರೂಪ ತೆರೆದರೂ ಮೊದಲು ಕಾಣುವುದು ಅದೇ ತಲೆಸಾಲುಗಳು, ಅದೇ ಖಾಲಿ ಸಾಲು.

ಆ ಹಳೆಯ ನಿಯಮದಲ್ಲಿ ಕನ್ನಡಕ್ಕೆ ಜಾಗ ಇರಲಿಲ್ಲ. ಇಂಗ್ಲಿಷಿನ ಅಕ್ಷರಗಳಿಗಷ್ಟೇ ಇತ್ತು. 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಸೇರಿ ಮೈಮ್ ಎಂಬ ವ್ಯವಸ್ಥೆ ರೂಪಿಸಿದರು. ಹಳೆಯ ದಾರಿಯಲ್ಲೇ ಚಿತ್ರ, ಧ್ವನಿ, ಬೇರೆ ಲಿಪಿಗಳನ್ನೂ ಸಾಗಿಸುವ ಉಪಾಯ ಅದು. ಇಂಗ್ಲಿಷ್ ಅಕ್ಷರ, ಅಂಕಿ, ಇನ್ನೆರಡು ಗುರುತು ಸೇರಿದ ಅರವತ್ತನಾಲ್ಕು ಚಿಹ್ನೆಗಳ ವೇಷ ಹಾಕಿಸಿ ಏನನ್ನು ಬೇಕಾದರೂ ಕಳಿಸಬಹುದು. ಬೇಸ್-64 ಎನ್ನುವುದು ಇದನ್ನೇ. ಅದು ಮೂರು ಬೈಟುಗಳನ್ನು ತೆಗೆದುಕೊಂಡು ನಾಲ್ಕು ಚಿಹ್ನೆ ಮಾಡುತ್ತದೆ. ಯುಟಿಎಫ್-8 ಎಂಬ ಲಿಪಿಸಂಕೇತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ಹಾಗಾಗಿ ಕನ್ನಡಕ್ಕೂ ಬೇಸ್-64ಕ್ಕೂ ಅಳತೆ ಹೊಲಿಸಿದ ಹಾಗೆ ಕೂಡಿಬರುತ್ತದೆ: ಒಂದು ಸಂಕೇತಕ್ಕೆ ಸರಿಯಾಗಿ ನಾಲ್ಕು ಚಿಹ್ನೆ. ‘ಕ’ ಹೋಗಿ 4, ಎಲ್, ಕೆ, ವಿ ಎಂದಾಗುತ್ತದೆ. ಬೇರೆ ಯಾವ ಕನ್ನಡ ಅಕ್ಷರವಾದರೂ ಮೊದಲೆರಡು ಚಿಹ್ನೆ 4 ಮತ್ತು ಎಲ್. ಮೂರನೆಯದು ಕೆ ಇಲ್ಲವೇ ಓ. ಅದೂ ನಾಲ್ಕನೆಯದೂ ಸೇರಿ ಅಕ್ಷರ ಯಾವುದೆಂದು ಹೇಳುತ್ತವೆ. ಸ್ಪೇಸ್ ಬಂದಾಗ ಜೋಡಣೆ ಜರುಗುತ್ತದೆ, ನಿಜ. ಆದರೂ ಕನ್ನಡ ಪತ್ರದ ಮೂಲರೂಪವನ್ನು ಒಮ್ಮೆ ತೆರೆದು ನೋಡಿ, ‘4ಎಲ್‌ಕೆ’, ‘4ಎಲ್‌ಓ’ಗಳ ಮೆರವಣಿಗೆ ಕಾಣುತ್ತದೆ. ಇನ್ನೊಂದು ವಿಧಾನವೂ ಇದೆ, ಕೋಟೆಡ್-ಪ್ರಿಂಟಬಲ್ ಅಂತ. ಅದರಲ್ಲಿ ಒಂದು ಕನ್ನಡ ಸಂಕೇತಕ್ಕೆ ಒಂಬತ್ತು ಚಿಹ್ನೆ ಖರ್ಚು. ಇಂಗ್ಲಿಷಿನ ನಡುವೆ ಅಲ್ಲೊಂದು ಇಲ್ಲೊಂದು ಫ್ರೆಂಚ್ ಅಕ್ಷರ ಬಂದರೆ ಅದು ಒಳ್ಳೆಯದೇ. ಕನ್ನಡಕ್ಕೆ ಶುದ್ಧ ದುಂದು.

ವಿಷಯದ ಸಾಲಿನಲ್ಲಿ ಇನ್ನೂ ಸೂಕ್ಷ್ಮ ಇದೆ. ಅಲ್ಲಿ ವೇಷ ಹಾಕಿದ ಒಂದು ತುಂಡು 75 ಚಿಹ್ನೆ ಮೀರಬಾರದೆಂದು ಕಟ್ಟಳೆ. ‘ಇದು ಯುಟಿಎಫ್-8, ಇದು ಬೇಸ್-64’ ಎಂದು ಹೇಳುವ ಮುಂಗುರುತು, ಕೊನೆಗುರುತು ಕಳೆದರೆ ಕನ್ನಡದ ಹದಿನೈದು ಸಂಕೇತಗಳಿಗೆ ಜಾಗ ಉಳಿಯುತ್ತದೆ. ಅದಕ್ಕಿಂತ ಉದ್ದದ ವಿಷಯವನ್ನು ತುಂಡು ಮಾಡಲೇಬೇಕು. ಒಂದು ಅಕ್ಷರದ ಮೂರು ಬೈಟುಗಳ ನಡುವೆ ಮಾತ್ರ ಕತ್ತರಿ ಬೀಳಬಾರದು ಎಂದೂ ಕಟ್ಟಳೆಯಿದೆ. ಅವಸರದಲ್ಲಿ ಬರೆದ ತಂತ್ರಾಂಶಗಳು ಅಲ್ಲೇ ಕತ್ತರಿಸುತ್ತವೆ. ಆಗ ಉದ್ದನೆಯ ವಿಷಯದ ನಡುವೆ ಪ್ರಶ್ನಾರ್ಥಕ ಚೌಕಗಳು ಕೂತಿರುತ್ತವೆ. ಮೇಲ್ ತಂತ್ರಾಂಶವೊಂದು ಒಳ್ಳೆಯ ಕೈಯಿಂದ ಬಂದದ್ದೋ ಅಲ್ಲವೋ ತಿಳಿಯಲು ಉದ್ದನೆಯ ಕನ್ನಡ ವಿಷಯ ಬರೆದು ನಿಮಗೆ ನೀವೇ ಒಂದು ಪತ್ರ ಕಳಿಸಿಕೊಂಡರೆ ಸಾಕು.

ಇಷ್ಟೆಲ್ಲ ವೇಷ ಹಾಕಿದ ಮೇಲೂ ಸಾವಿರ ಸಂಕೇತಗಳ ಕನ್ನಡ ಪತ್ರ ಸುಮಾರು 4 ಕೆಬಿ. ಈ-ಪಿಸಿಯ 512 ಎಂಬಿಯಲ್ಲಿ ಅಂಥ ಲಕ್ಷ ಪತ್ರ ಹಿಡಿಸುತ್ತವೆ. ಹಾಗಿದ್ದರೆ ಭಾರ ಎಲ್ಲಿಂದ ಬಂತು?

ಎಚ್‌ಟಿಎಂಎಲ್‌ನಿಂದ. ಪತ್ರದೊಳಗೆ ವೆಬ್ ಪುಟದ ಬಣ್ಣ, ಚಿತ್ರ, ಕೋಷ್ಟಕಗಳು ಸೇರಿಕೊಂಡ ಮೇಲೆ ಪತ್ರ ತೋರಿಸಲು ವೆಬ್ ಪುಟ ಬಿಡಿಸುವ ಯಂತ್ರವೇ ಬೇಕಾಯಿತು. ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದ ಒಳಗೆ ಫೈರ್‌ಫಾಕ್ಸಿನದೇ ಯಂತ್ರವಿದೆ. ಗ್ನೋಮ್ ಬಳಗದ ಎವಲ್ಯೂಷನ್ ಮತ್ತು ಗಿಯರಿ ತಂತ್ರಾಂಶಗಳು ವೆಬ್‌ಕಿಟ್ ಯಂತ್ರವನ್ನು ಹೊತ್ತಿವೆ. ಇವೆಲ್ಲ ಕೆಟ್ಟ ತಂತ್ರಾಂಶಗಳು ಎಂದು ಹೇಳುತ್ತಿಲ್ಲ. ಹೊಸ ಯಂತ್ರದಲ್ಲಿ ಥಂಡರ್‌ಬರ್ಡ್ ನನಗೂ ಇಷ್ಟವೇ. ಆದರೆ ‘ನಾಳೆ ಮೀಟಿಂಗು ಹತ್ತೂವರೆಗೆ’ ಎಂಬ ಒಂದು ಸಾಲು ಓದಲು ಇಡೀ ಬ್ರೌಸರ್ ಎದ್ದು ನಿಲ್ಲಬೇಕು. ನೆಟ್‌ಸ್ಕೇಪ್ ಎಂಬ ಹಳೆಯ ಬ್ರೌಸರಿನ ಮೇಲ್ ತಂತ್ರಾಂಶ ಬರೆದವರಲ್ಲಿ ಒಬ್ಬರಾದ ಜೇಮಿ ಜವಿನ್‌ಸ್ಕಿ, ಪ್ರತಿ ತಂತ್ರಾಂಶವೂ ಮೇಲ್ ಓದುವಷ್ಟು ಬೆಳೆಯುವವರೆಗೆ ಸುಮ್ಮನಿರುವುದಿಲ್ಲ ಎಂದು ಹಿಂದೆ ತಮಾಷೆ ಮಾಡಿದ್ದರು. ಈಗ ಮೇಲ್ ಓದುವ ತಂತ್ರಾಂಶಗಳೇ ಬ್ರೌಸರ್ ಆಗುವವರೆಗೆ ಬೆಳೆದಿವೆ.

ರ‍್ಯಾಮ್ ತುಂಬಿದಾಗ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ಹಳೇ ಲ್ಯಾಪ್‌ಟಾಪಿನ ‘ಹ್ಯಾಂಗ್’ ರೋಗದ ಮೂಲ ಅಲ್ಲಿಯೇ ಇದೆ. ಜಾಗ ಸಾಲದೇ ಹೋದಾಗ ಲಿನಕ್ಸ್ ರ‍್ಯಾಮಿನಲ್ಲಿ ಇದ್ದದ್ದನ್ನು ಹಾರ್ಡ್ ಡಿಸ್ಕಿಗೆ ಸಾಗಿಸಿ, ಬೇಕಾದಾಗ ವಾಪಸ್ ತರುತ್ತದೆ. ಇದಕ್ಕೆ ಸ್ವ್ಯಾಪ್ ಎನ್ನುತ್ತಾರೆ. ರ‍್ಯಾಮಿನಿಂದ ಒಂದು ಚೂರು ಮಾಹಿತಿ ತರಲು ನೂರು ನ್ಯಾನೊಸೆಕೆಂಡು ಸಾಕಾದರೆ, ತಿರುಗುವ ಹಳೇ ಡಿಸ್ಕಿನಿಂದ ತರಲು ಹತ್ತು ಮಿಲಿಸೆಕೆಂಡಿಗೂ ಮೇಲೆ ಬೇಕು. ಅಂದರೆ ಲಕ್ಷ ಪಟ್ಟು. ಒಗ್ಗರಣೆಗೆ ಎಣ್ಣೆ ಕಾಯಲು ಇಟ್ಟು ಸಾಸಿವೆ ತರಲು ಪೇಟೆಗೆ ಹೊರಟ ಹಾಗೆ. ಹೀಗಾಗಿ ಹಳೇ ಯಂತ್ರದಲ್ಲಿ ತಂತ್ರಾಂಶದ ವೇಗಕ್ಕಿಂತ ಅದು ಹಿಡಿಯುವ ಜಾಗವೇ ದೊಡ್ಡ ಪ್ರಶ್ನೆ. ರ‍್ಯಾಮಿನೊಳಗೆ ಹಿಡಿಸಿದರೆ ಎಲ್ಲವೂ ಸರಾಗ. ಸ್ವಲ್ಪ ಮೀರಿದರೂ ಎಲ್ಲವೂ ನಿಂತ ನೀರು. ಇದು ಗೊತ್ತಿದ್ದ ಕುಶಲರು ತಂತ್ರಾಂಶ ಬರೆಯುವಾಗ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿಕೊಳ್ಳುತ್ತಾರೆ: ಇದು ಈಗಲೇ ಬೇಕೆ?

ಹಾಗೆ ಕೇಳಿಕೊಂಡವರಲ್ಲಿ ಜಪಾನಿನ ಹಿರೊಯುಕಿ ಯಮಾಮೊತೊ ಒಬ್ಬರು. ಅವರ ಸಿಲ್ಫೀಡ್ ತಂತ್ರಾಂಶದ ಮೊದಲ ಆವೃತ್ತಿ 2000ದ ಜನವರಿಯಲ್ಲಿ ಹೊರಬಂತು. ಸಿ ಭಾಷೆಯಲ್ಲಿ ಬರೆದದ್ದು. ಕಿಟಕಿ, ಗುಂಡಿ, ಪಟ್ಟಿಗಳಿಗೆ ಜಿಟಿಕೆ ಎಂಬ ಸಿದ್ಧ ಸಾಮಗ್ರಿ. ಜಪಾನಿ ಪತ್ರಗಳಿಗೆ ತಮ್ಮದೇ ಸಂಕೇತ ಪದ್ಧತಿ ಇದ್ದುದರಿಂದ ಲಿಪಿಯ ವಿಚಾರದಲ್ಲಿ ಅದು ಮೊದಲಿಂದಲೂ ಹುಷಾರು. ಆ ತಂತ್ರಾಂಶದ ಜೊತೆಗೇ 2001ರಲ್ಲಿ ಇನ್ನೊಂದು ಕವಲು ಹುಟ್ಟಿತು. ಹೊಸ ಸೌಲಭ್ಯಗಳನ್ನು ಮೊದಲು ಅಲ್ಲಿ ಪ್ರಯೋಗ ಮಾಡಿ, ಗಟ್ಟಿ ಎನಿಸಿದ್ದನ್ನು ಮೂಲಕ್ಕೆ ಸೇರಿಸುವುದು ಉದ್ದೇಶ. ಕವಲು ತನ್ನ ಪಾಡಿಗೆ ಬೆಳೆಯುತ್ತ ಹೋಗಿ, 2005ರ ಹೊತ್ತಿಗೆ ಬೇರೆ ಮನೆ ಮಾಡಿತು. ಅದೇ ಇವತ್ತಿನ ಕ್ಲಾಜ್ ಮೇಲ್. ಎರಡೂ ಮುಕ್ತ ತಂತ್ರಾಂಶಗಳು, ಎರಡೂ ಡೆಬಿಯನ್ ಬಳಗದ ಲಿನಕ್ಸುಗಳ ಭಂಡಾರದಲ್ಲಿ ಸಿಗುತ್ತವೆ.

ಕ್ಲಾಜ್ ಪತ್ರಗಳನ್ನು ಇಡುವ ರೀತಿಯೇ ಕುತೂಹಲದ್ದು. ಹಳೆಯ ಯುನಿಕ್ಸ್ ಕಾಲದ ಎಂಬಾಕ್ಸ್ ಪದ್ಧತಿಯಲ್ಲಿ ಒಂದು ಫೋಲ್ಡರಿನ ಎಲ್ಲ ಪತ್ರಗಳೂ ಒಂದೇ ದೊಡ್ಡ ಕಡತದೊಳಗೆ, ಒಂದರ ಬಾಲಕ್ಕೆ ಇನ್ನೊಂದರ ತಲೆ. ಓದಲು ಸಲೀಸು. ಆದರೆ ನಡುವಿನ ಒಂದು ಪತ್ರ ಅಳಿಸಬೇಕೆಂದರೆ ಅಲ್ಲಿಂದ ಮುಂದಿನದನ್ನೆಲ್ಲ ಮತ್ತೆ ಬರೆಯಬೇಕು. 500 ಎಂಬಿಯ ಕಡತವಾದರೆ ಹಳೇ ಡಿಸ್ಕು ಗೋಳಿಡುತ್ತದೆ. ಸಿಲ್ಫೀಡ್, ಕ್ಲಾಜ್ ಎರಡೂ ಎಂಎಚ್ ಎಂಬ ಪದ್ಧತಿ ಆರಿಸಿಕೊಂಡವು. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ 1970ರ ದಶಕದ ಕೊನೆಗೆ ಹುಟ್ಟಿದ ಪದ್ಧತಿ ಇದು. ಫೋಲ್ಡರ್ ಎಂದರೆ ನಿಜವಾದ ಫೋಲ್ಡರೇ, ಪತ್ರ ಎಂದರೆ ಅದರೊಳಗಿನ ಒಂದು ಕಡತ. ಹೆಸರು 1, 2, 3 ಎಂದು ಬರೀ ಸಂಖ್ಯೆ. ಅಳಿಸಬೇಕೆ? ಆ ಕಡತ ಅಳಿಸಿದರಾಯಿತು. ಬೇರೆಡೆ ಕಾಪಿ ಬೇಕೆ? ಫೋಲ್ಡರನ್ನು ಪೆನ್‌ಡ್ರೈವಿಗೆ ಎಳೆದರಾಯಿತು. ನಾಳೆ ಕ್ಲಾಜ್ ಇಲ್ಲದೇ ಹೋದರೂ ಯಾವುದೇ ಟೆಕ್ಸ್ಟ್ ಎಡಿಟರಿನಲ್ಲಿ ಪತ್ರ ತೆರೆಯುತ್ತದೆ, ಬೇಸ್-64ರ ವೇಷ ಇದ್ದರೆ ಅದನ್ನು ಕಳಚುವುದಷ್ಟೇ ಬಾಕಿ. ಹತ್ತಾರು ವರ್ಷದ ಪತ್ರವ್ಯವಹಾರ ಇಟ್ಟುಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಭರವಸೆ ಬೇಕಿಲ್ಲ.

ಈ ಪದ್ಧತಿಗೂ ಒಂದು ದೋಷವಿದೆ. ಹತ್ತು ಸಾವಿರ ಪತ್ರಗಳ ಪಟ್ಟಿ ತೋರಿಸಲು ಹತ್ತು ಸಾವಿರ ಕಡತ ತೆರೆದು ಓದಬೇಕು. ಒಂದೊಂದಕ್ಕೆ ಡಿಸ್ಕಿನ ಹತ್ತು ಮಿಲಿಸೆಕೆಂಡು ಹೋದರೆ ಒಂದು ನಿಮಿಷ ನಲವತ್ತು ಸೆಕೆಂಡು. ಪರಿಹಾರ ಸರಳ. ಯಾರಿಂದ, ವಿಷಯ, ದಿನಾಂಕ, ಗಾತ್ರ - ಪಟ್ಟಿಗೆ ಬೇಕಾದ ಇಷ್ಟನ್ನು ಮಾತ್ರ ಒಂದು ಸಣ್ಣ ಕಡತದಲ್ಲಿ ಒಟ್ಟಿಗೆ ಬರೆದಿಟ್ಟುಕೊಳ್ಳುವುದು. ಫೋಲ್ಡರ್ ತೆರೆದಾಗ ಆ ಒಂದು ಕಡತ ಮಾತ್ರ ಓದುವುದು. ಪತ್ರದ ಮೈಯನ್ನು ನೀವು ಅದರ ಮೇಲೆ ಕ್ಲಿಕ್ ಮಾಡುವವರೆಗೆ ಮುಟ್ಟುವುದೇ ಇಲ್ಲ. ಪತ್ರಗಳನ್ನು ಸರ್ವರಿನಲ್ಲೇ ಇಟ್ಟು ಓದುವ ಐಮ್ಯಾಪ್ ಖಾತೆಯಲ್ಲೂ ಅಷ್ಟೇ, ಸರ್ವರಿನಿಂದ ಮೊದಲು ಬರುವುದು ತಲೆಸಾಲುಗಳು. ಹಳೇ ಯಂತ್ರದಲ್ಲೂ ಸಾವಿರಾರು ಪತ್ರಗಳ ಪಟ್ಟಿ ಸರಸರ ಸರಿಯುವುದರ ಗುಟ್ಟು ಇದು.

ಒಂದೇ ಮಾತುಕತೆಯ ಪತ್ರಗಳನ್ನು ಎಳೆಯಾಗಿ ಪೋಣಿಸುವುದರಲ್ಲೂ ಅಚ್ಚುಕಟ್ಟಿದೆ. ಪ್ರತಿ ಪತ್ರಕ್ಕೂ ಅದರದೇ ಗುರುತಿನ ಸಂಖ್ಯೆ ಇರುತ್ತದೆ. ಉತ್ತರ ಬರೆದವರ ಪತ್ರದಲ್ಲಿ ‘ಇದು ಇಂಥ ಸಂಖ್ಯೆಗೆ ಉತ್ತರ’ ಎಂಬ ತಲೆಸಾಲು ಇರುತ್ತದೆ. ದಡ್ಡತನದಿಂದ ಮಾಡಿದರೆ ಪ್ರತಿ ಪತ್ರಕ್ಕೂ ಉಳಿದೆಲ್ಲವನ್ನೂ ಹೋಲಿಸಿ ನೋಡಬೇಕು. ಹತ್ತು ಸಾವಿರ ಪತ್ರಕ್ಕೆ ಹತ್ತು ಕೋಟಿ ಹೋಲಿಕೆ. ಸಿಲ್ಫೀಡ್ ಬಳಗ ಮೊದಲು ಎಲ್ಲ ಗುರುತುಗಳನ್ನೂ, ಕೇಳಿದ್ದು ಹುಡುಕಾಟವಿಲ್ಲದೆ ನೇರ ಸಿಗುವಂಥ ಒಂದು ಹ್ಯಾಶ್ ಕೋಷ್ಟಕಕ್ಕೆ ಹಾಕಿಕೊಂಡು, ಆಮೇಲೆ ಒಂದೊಂದೇ ಪತ್ರ ಎತ್ತಿ ಅದರ ತಾಯಿ ಎಲ್ಲಿದ್ದಾಳೆಂದು ಕೋಷ್ಟಕವನ್ನು ಕೇಳುತ್ತದೆ. ಒಂದು ಪತ್ರಕ್ಕೆ ಒಂದೇ ಪ್ರಶ್ನೆ. ವೇಗದ ಪ್ರೊಸೆಸರ್ ಇದ್ದವರು ಇಂಥದ್ದಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ.

ಎಚ್‌ಟಿಎಂಎಲ್ ಪತ್ರ ಬಂದರೆ ಕ್ಲಾಜ್ ಏನು ಮಾಡುತ್ತದೆ? ಬಹುಪಾಲು ಇಂಥ ಪತ್ರಗಳಲ್ಲಿ ಅದೇ ಒಕ್ಕಣೆ ಎರಡು ಸಲ ಇರುತ್ತದೆ, ಒಮ್ಮೆ ಬರೀ ಪಠ್ಯವಾಗಿ, ಒಮ್ಮೆ ಅಲಂಕಾರ ಸಮೇತ. ಕ್ಲಾಜ್ ಪಠ್ಯ ತೋರಿಸಿ ಸುಮ್ಮನಾಗುತ್ತದೆ. ಅಲಂಕಾರದ್ದು ಮಾತ್ರ ಇದ್ದರೆ ಅದರ ಒಡವೆ ಕಳಚಿ ಪಠ್ಯ ಹೆಕ್ಕಿ ತೋರಿಸುತ್ತದೆ. ಇಲ್ಲ, ನೋಡಲೇಬೇಕು ಅನ್ನುವವರಿಗೆ ಲೈಟ್‌ಎಚ್‌ಟಿಎಂಎಲ್ ಎಂಬ ಪ್ಲಗಿನ್ ಇದೆ. ಇಡೀ ಬ್ರೌಸರಿನ ಬದಲು ಪುಟ ಬಿಡಿಸುವ ಒಂದು ಪುಟ್ಟ ಯಂತ್ರ. ಪ್ಲಗಿನ್‌ಗಳ ವಿಚಾರವೂ ಹೇಳಬೇಕು. ಗೂಢಲಿಪಿ, ಸ್ಪ್ಯಾಮ್ ಸೋಸುವ ಬೋಗೊಫಿಲ್ಟರ್, ಕ್ಯಾಲೆಂಡರ್, ಪಿಡಿಎಫ್ ನೋಡುವುದು, ‘ಲಗತ್ತಿಸಿದ್ದೇನೆ’ ಎಂದು ಬರೆದು ಕಡತ ಲಗತ್ತಿಸಲು ಮರೆತವರನ್ನು ಎಚ್ಚರಿಸುವುದು - ಇವೆಲ್ಲ ಬೇರೆ ಬೇರೆ ತುಂಡುಗಳು. ಬೇಡ ಎಂದವರ ರ‍್ಯಾಮಿನೊಳಗೆ ಅವು ಕಾಲಿಡುವುದಿಲ್ಲ. ಅಂದ ಹಾಗೆ, ದೂರದ ಸರ್ವರಿನ ಚಿತ್ರಗಳನ್ನು ತಾನಾಗಿ ಎಳೆದು ತರದ ಕಾರಣ, ನೀವು ಪತ್ರ ತೆರೆದಿರೋ ಇಲ್ಲವೋ ಎಂದು ಜಾಹೀರಾತಿನವರು ಬೇಹು ನಡೆಸುವ ಅಗೋಚರ ಚುಕ್ಕಿಚಿತ್ರಗಳ ಆಟವೂ ಇಲ್ಲಿ ನಡೆಯುವುದಿಲ್ಲ. ಹಗುರತನದಿಂದ ಪುಕ್ಕಟೆಯಾಗಿ ದಕ್ಕಿದ ಖಾಸಗಿತನ.

ನೀವು ಬರೆಯುವ ಪತ್ರವೂ ಬರೀ ಪಠ್ಯವೇ. ದಪ್ಪ ಅಕ್ಷರ, ಕೆಂಪು ಬಣ್ಣ ಇಲ್ಲಿ ಸಿಗುವುದಿಲ್ಲ. ಕೆಲವರಿಗೆ ಇದೇ ದೊಡ್ಡ ಕೊರತೆ. ನನಗೇನೋ ಬಣ್ಣದ ಪತ್ರ ಬರೆದು ಯಾರನ್ನೂ ಒಪ್ಪಿಸಿದ ನೆನಪಿಲ್ಲ. ಇನ್ನೊಂದು ಸಣ್ಣ ಸಂಗತಿ, ಬಳಸಿದವರಿಗಷ್ಟೇ ಗೊತ್ತಾಗುವಂಥದ್ದು: ಸ್ಪೇಸ್ ಕೀಲಿ. ಒತ್ತಿದರೆ ಪತ್ರ ಒಂದು ಪುಟ ಕೆಳಗೆ ಸರಿಯುತ್ತದೆ; ಪತ್ರ ಮುಗಿದಿದ್ದರೆ ಮುಂದಿನ ಓದದ ಪತ್ರಕ್ಕೆ ಹೋಗುತ್ತದೆ. ಬೆಳಗಿನ ಮೇಲ್ ಪೂರ್ತಿ ಒಂದು ಹೆಬ್ಬೆರಳಿನಲ್ಲಿ ಓದಿ ಮುಗಿಸಬಹುದು. ಟಚ್‌ಪ್ಯಾಡ್ ಸವೆದುಹೋದ ಲ್ಯಾಪ್‌ಟಾಪಿನವರಿಗೆ ಇದರ ಬೆಲೆ ಗೊತ್ತು.

ಇದಕ್ಕಿಂತ ಹಗುರದವು ಇಲ್ಲವೆಂದಲ್ಲ. ಟರ್ಮಿನಲ್ ಎಂಬ ಕಪ್ಪು ಕಿಟಕಿಯೊಳಗೇ ಓಡುವ ಮಟ್ ಮತ್ತು ಆಲ್ಪೈನ್ ಇವೆ. ಮೈಕೆಲ್ ಎಲ್ಕಿನ್ಸ್ 1995ರಲ್ಲಿ ಬರೆದ ಮಟ್, ತನ್ನ ಕೆಲಸ ಬಿಟ್ಟು ಬೇರೇನನ್ನೂ ಮಾಡದ ಹಟವಾದಿ. ಪತ್ರ ಬರೆಯಲು ಕೂಡ ನಿಮ್ಮಿಷ್ಟದ ಎಡಿಟರನ್ನು ಕರೆದು ಕೂರಿಸುತ್ತದೆ. ಎಚ್‌ಟಿಎಂಎಲ್ ಬಂದರೆ ಲಿಂಕ್ಸ್‌ನಂಥ ಪಠ್ಯ ಬ್ರೌಸರಿಗೆ ಕೊಟ್ಟು ಅದು ಹೇಳಿದ್ದನ್ನು ತೋರಿಸುತ್ತದೆ. ಆಲ್ಪೈನ್‌ನ ತಾಯಿ ಪೈನ್, ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಶುರುವಾದದ್ದು. ಐಮ್ಯಾಪ್ ಪದ್ಧತಿ ರೂಪಿಸಿದ ಮಾರ್ಕ್ ಕ್ರಿಸ್ಪಿನ್ ಅಲ್ಲೇ ಕೆಲಸ ಮಾಡುತ್ತಿದ್ದರು. ಪೈನ್‌ನ ಅಡಿಪಾಯದ ಮೇಲ್ ಲೈಬ್ರರಿ ಅವರದೇ. ಅದಕ್ಕೇ ಆಲ್ಪೈನ್‌ಗೆ ಐಮ್ಯಾಪ್ ರಕ್ತಗತ. ಪತ್ರದಲ್ಲಿ ಯಾವ ಯಾವ ಭಾಗಗಳಿವೆ ಎಂದು ಮೊದಲು ಸರ್ವರನ್ನು ಕೇಳಿ, ಪಠ್ಯದ ಭಾಗ ಮಾತ್ರ ತರಿಸಿಕೊಳ್ಳುತ್ತದೆ. 20 ಎಂಬಿಯ ಮದುವೆ ಫೋಟೊಗಳು ನೀವು ಬೇಕೆನ್ನುವವರೆಗೆ ಸರ್ವರಿನಲ್ಲೇ ಉಳಿಯುತ್ತವೆ. ಈ ಒಂದು ವಿಷಯದಲ್ಲಿ ಆಲ್ಪೈನ್ ಮುಂದೆ ಕ್ಲಾಜ್ ಸೋಲುತ್ತದೆ. ಕ್ಲಾಜ್ ಪತ್ರ ತೆರೆದಾಗ ಲಗತ್ತಿನ ಸಮೇತ ಇಡಿಯಾಗಿ ತರುತ್ತದೆ. ನೆಟ್‌ವರ್ಕ್ ಸರಿಯಿಲ್ಲದ ಊರಿನಲ್ಲಿ ಈ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ.

ಇಷ್ಟು ಹೊಗಳಿದ ಮೇಲೂ ಕನ್ನಡದಲ್ಲಿ ಪತ್ರ ಬರೆಯುವವರಿಗೆ ಮಟ್, ಆಲ್ಪೈನ್ ಬಳಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕಾರಣ ಆ ತಂತ್ರಾಂಶಗಳದ್ದಲ್ಲ, ಅವು ನಿಂತ ನೆಲದ್ದು. ಟರ್ಮಿನಲ್ ಎಂದರೆ ಒಂದೇ ಅಳತೆಯ ಚೌಕಗಳ ಹಾಸು. ಒಂದು ಅಕ್ಷರಕ್ಕೆ ಒಂದು ಚೌಕ. ಚೀನಿ, ಜಪಾನಿ ಅಕ್ಷರಕ್ಕೆ ಎರಡು. ಕನ್ನಡ ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ‘ಸ್ತ್ರೀ’ ಎಂಬುದು ಆರು ಸಂಕೇತ: ಸ, ವಿರಾಮ, ತ, ವಿರಾಮ, ರ, ಈ-ಕಾರದ ಗುರುತು. ಕಣ್ಣಿಗೆ ಕಾಣುವುದು ಒಂದೇ ಗುಚ್ಛ, ಒತ್ತುಗಳು ಕೆಳಗೆ, ದೀರ್ಘ ಬಲಕ್ಕೆ. ಅದು ಎಷ್ಟು ಚೌಕ? ‘ಸೂರ್ಯ’ದಲ್ಲಿ ಇನ್ನೂ ಗಮ್ಮತ್ತು: ಟೈಪ್ ಮಾಡುವಾಗ ರ ಮೊದಲು, ಯ ಆಮೇಲೆ, ಕಾಣುವಾಗ ಯ ಮೊದಲು, ಅರ್ಕಾವೊತ್ತು ಆಮೇಲೆ. ಚೌಕದಲ್ಲಿ ಒಂದೊಂದಾಗಿ ಇಡುತ್ತ ಹೋಗುವ ಟರ್ಮಿನಲ್ಲಿಗೆ ಈ ಹಿಂದುಮುಂದು ಅರ್ಥವಾಗುವುದಿಲ್ಲ. ಬಹಳಷ್ಟು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು, ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಆಗುತ್ತದೆ.

ಜಿಟಿಕೆಯಲ್ಲಿ ಅಕ್ಷರ ಜೋಡಿಸುವ ಕೆಲಸ ಪ್ಯಾಂಗೊ ಎಂಬ ಲೈಬ್ರರಿಯದ್ದು. 2002ರಲ್ಲಿ ಬಂದ ಜಿಟಿಕೆಯ ಎರಡನೇ ಆವೃತ್ತಿಯಿಂದ ಅದು ಜೊತೆಗಿದೆ. ಈಗ ಅದರ ಬೆನ್ನಿಗೆ ಹಾರ್ಫ್‌ಬಜ್ ಎಂಬ ಇನ್ನೊಂದಿದೆ: ಫಾಂಟಿನೊಳಗಿನ ನಿಯಮಗಳನ್ನು ಓದಿ ಯಾವ ಒತ್ತು ಯಾವುದರ ಕೆಳಗೆ, ಅರ್ಕಾವೊತ್ತು ಎಲ್ಲಿ ಎಂದು ನಿರ್ಧರಿಸುವುದು ಅದು. ಕ್ಲಾಜ್ ಬರೆದವರು ಕನ್ನಡಕ್ಕೆಂದು ಬೇರೆ ಏನೂ ಮಾಡಬೇಕಾಗಲಿಲ್ಲ. ಜಿಟಿಕೆ ಮೇಲೆ ಕಟ್ಟಿದ್ದರಿಂದ ಕನ್ನಡ ತಾನಾಗಿ ಸರಿಹೋಯಿತು. ನಿಮ್ಮ ಡೆಸ್ಕ್‌ಟಾಪಿನ ಬೇರೆ ತಂತ್ರಾಂಶಗಳು ಅದೇ ಲೈಬ್ರರಿಯನ್ನು ಈಗಾಗಲೇ ರ‍್ಯಾಮಿಗೆ ತಂದಿದ್ದರೆ ಲಿನಕ್ಸ್ ಅದೇ ಪ್ರತಿಯನ್ನು ಎಲ್ಲರಿಗೂ ಹಂಚುತ್ತದೆ. ಎರವಲು ತಂದದ್ದಕ್ಕೆ ಜಾಗದ ಬಾಡಿಗೆ ಇಲ್ಲ. ಕನ್ನಡ ಸರಿಯಾಗಿ ಮೂಡುತ್ತದೆ ಎಂಬ ಇದೊಂದೇ ಕಾರಣಕ್ಕೆ ನನ್ನ ತೀರ್ಪು ಸಿಲ್ಫೀಡ್, ಕ್ಲಾಜ್ ಕಡೆಗೆ ವಾಲುತ್ತದೆ. ಹಗುರ ಎಂದರೆ ನಮ್ಮ ಭಾಷೆಯನ್ನೂ ಹೊತ್ತು ಹಗುರವಾಗಿರಬೇಕು.

ಇನ್ನು ಕೂಡಿಸುವ ಕೆಲಸ. ಫಾಂಟಿಗೆ ಗುಬ್ಬಿ, ನವಿಲು, ಲೋಹಿತ್ ಕನ್ನಡ ಡೆಬಿಯನ್ ಭಂಡಾರದಲ್ಲೇ ಇವೆ. ನೋಟೊ ಕೂಡ ಆಗುತ್ತದೆ. ಕೀಲಿಮಣೆಗೆ ಐಬಸ್ ಅಥವಾ ಅಂಥ ಇನ್ನೊಂದು ವ್ಯವಸ್ಥೆ ಹಾಕಿಕೊಳ್ಳಬಹುದು. ಅದೂ ಭಾರ ಎನಿಸಿದರೆ ಲಿನಕ್ಸಿನ ಮೂಲ ಕೀಲಿಮಣೆ ಪಟ್ಟಿಯಲ್ಲೇ ಕನ್ನಡದ ಕಗಪ ವಿನ್ಯಾಸ ಇದೆ.

ಹೆಚ್ಚಿನವರು ಎಡವುವುದು ಪಾಸ್‌ವರ್ಡಿನಲ್ಲಿ. ಜಿಮೇಲ್ 2022ರ ಮೇ ಕೊನೆಯಿಂದ ವೈಯಕ್ತಿಕ ಖಾತೆಗಳಿಗೆ ಮಾಮೂಲಿ ಪಾಸ್‌ವರ್ಡನ್ನು ಹೊರಗಿನ ತಂತ್ರಾಂಶಗಳಿಂದ ಒಪ್ಪುವುದನ್ನು ನಿಲ್ಲಿಸಿತು. ಪಾಸ್‌ವರ್ಡ್ ಸರಿ ಹೊಡೆದರೂ ತಪ್ಪು ಎನ್ನುತ್ತದೆ, ಜನ ತಂತ್ರಾಂಶವನ್ನು ಬೈದುಕೊಳ್ಳುತ್ತಾರೆ. ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಚಾಲೂ ಮಾಡಿ, ‘ಆ್ಯಪ್ ಪಾಸ್‌ವರ್ಡ್’ ಎಂಬ ಹದಿನಾರು ಅಕ್ಷರದ ಗುಟ್ಟು ಪಡೆದು ಅದನ್ನು ಕ್ಲಾಜ್‌ಗೆ ಕೊಡಬೇಕು. ಓಆತ್ ಎಂಬ ಇನ್ನೊಂದು ದಾರಿಯನ್ನೂ ಕ್ಲಾಜ್ 2021ರಲ್ಲಿ ಕಲಿತಿದೆ, ಆದರೆ ಅದರ ಸಿದ್ಧತೆ ಉದ್ದ. ಒಂಟಿ ಬಳಕೆದಾರರಿಗೆ ಆ್ಯಪ್ ಪಾಸ್‌ವರ್ಡೇ ಸಾಕು. ಜಿಮೇಲಿನಲ್ಲಿ ‘ಆಲ್ ಮೇಲ್’ ಎಂಬ ಫೋಲ್ಡರೊಂದು ಕಾಣುತ್ತದೆ. ಇನ್‌ಬಾಕ್ಸಿನಲ್ಲಿ ಇರುವುದೆಲ್ಲ ಅದರಲ್ಲೂ ಇರುತ್ತದೆ. ಜಿಮೇಲಿನ ಲೇಬಲ್ ಸೆಟ್ಟಿಂಗಿಗೆ ಹೋಗಿ ಅದನ್ನು ಐಮ್ಯಾಪಿನಿಂದ ಮರೆಮಾಡಿದರೆ ಅರ್ಧ ಹೊರೆ ಇಳಿಯುತ್ತದೆ. ಐಮ್ಯಾಪ್ ಬದಲು, ಪತ್ರಗಳನ್ನು ಯಂತ್ರಕ್ಕೇ ಇಳಿಸಿಕೊಳ್ಳುವ ಪಾಪ್ ಪದ್ಧತಿ ಆರಿಸಿಕೊಳ್ಳುವವರು ಮೊದಲ ಸಲ ಪತ್ರ ತರಿಸುವ ಮುನ್ನ ‘ಸರ್ವರಿನಿಂದ ಅಳಿಸು’ ಎಂಬ ಗುರುತು ಹೇಗಿದೆ ಎಂದು ನೋಡಿಕೊಳ್ಳಿ. ಫೋನಿನಲ್ಲೂ ಅದೇ ಪತ್ರ ಓದುವವರು ಆ ಗುರುತನ್ನು ತೆಗೆದುಬಿಡುವುದು ವಾಸಿ.

ಯಂತ್ರ ಹಳೆಯದಿರಲಿ, ಲಿನಕ್ಸ್ ಹಳೆಯದಾಗಿರಬಾರದು. ಸರ್ವರಿನ ಜೊತೆ ಗುಟ್ಟಾಗಿ ಮಾತಾಡುವ ಟಿಎಲ್‌ಎಸ್ ಪದ್ಧತಿಯ ಮೊದಲ ಎರಡು ಆವೃತ್ತಿಗಳನ್ನು 2021ರಲ್ಲಿ ಅಧಿಕೃತವಾಗಿ ಕೈಬಿಡಲಾಯಿತು. 2007ರ ಲಿನಕ್ಸನ್ನೇ ಇಟ್ಟುಕೊಂಡರೆ ಸರ್ವರ್ ಬಾಗಿಲೇ ತೆರೆಯದಿರಬಹುದು. 32 ಬಿಟ್ ಯಂತ್ರದವರಿಗೆ ದಾರಿ ಕಿರಿದಾಗುತ್ತಿದೆ: 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ. ಡೆಬಿಯನ್ 12, ಅದರ ಮೇಲೆ ಕಟ್ಟಿದ ಆ್ಯಂಟಿಎಕ್ಸ್ ಇನ್ನೂ ಆಸರೆ.

ಒಟ್ಟು ಲೆಕ್ಕ ಇಷ್ಟು. 512 ಎಂಬಿ ರ‍್ಯಾಮ್ ಇದ್ದವರು ಸಿಲ್ಫೀಡಿನಿಂದ ಶುರುಮಾಡಿ. 1 ಅಥವಾ 2 ಜಿಬಿ ಇದ್ದರೆ ಕಣ್ಣುಮುಚ್ಚಿ ಕ್ಲಾಜ್ ಹಾಕಿಕೊಳ್ಳಿ, ಪ್ಲಗಿನ್‌ಗಳನ್ನು ಬೇಕಾದಾಗ ಮಾತ್ರ ಸೇರಿಸಿ. 4 ಜಿಬಿಯೂ ಒಂದು ಎಸ್‌ಎಸ್‌ಡಿಯೂ ಇದ್ದು, ಬಣ್ಣದ ಪತ್ರಗಳು ಬೇಕೇ ಬೇಕೆಂದಿದ್ದರೆ ಥಂಡರ್‌ಬರ್ಡ್ ಬಿಟ್ಟು ಬೇರೆ ಹುಡುಕುವ ಗೊಡವೆ ಬೇಡ. ಇಂಗ್ಲಿಷಿನಲ್ಲಷ್ಟೇ ಪತ್ರವ್ಯವಹಾರ ಮಾಡುವವರು, ಕೀಲಿಮಣೆ ಪ್ರಿಯರು ಆಲ್ಪೈನ್ ಒಮ್ಮೆ ನೋಡಿ. ಯಾವುದನ್ನೇ ಆರಿಸಿಕೊಂಡರೂ ಆ್ಯಪ್ ಪಾಸ್‌ವರ್ಡನ್ನು ಮೊದಲೇ ಮಾಡಿಟ್ಟುಕೊಳ್ಳಿ, ಅದಾಗಲಿ ಓಆತ್ ಆಗಲಿ ಇಲ್ಲದೆ ಜಿಮೇಲ್ ಒಳಗೆ ಬಿಡುವುದಿಲ್ಲ.